ಆರನೇ ಚೌಕ

ಹಿಂದಿನಿಂದ ಬಂದ ಹೆಜ್ಜೆ ಸಪ್ಪಳ ಇನ್ನೇನು ನನ್ನ ಬೆನ್ನ ಮೇಲೆ ಅಂಗೈಯಾಗಿ ಬೀಳಬೇಕು ಅನ್ನುವಾಗ ದಾಟಿಕೊಂಡು ಹೋಯಿತು, ಎಂಟನೇ ಚೌಕದಲ್ಲಿ ಖೋ ಅಂದ ದನಿ, ಅಲ್ಲಿದ್ದವಳು ಎದ್ದು ಓಡಿದಳು, ಕೊಟ್ಟವಳು ಅವಳ ಜಾಗದಲ್ಲಿ ಕೂತಳು, ನಾನು ಕೂತೇ ಇದ್ದೇನೆ — ಚಿತ್ರದುರ್ಗದ ಈ ಕೆಂಪು ಮಣ್ಣಿನ ಮೈದಾನದ ಆರನೇ ಚೌಕದಲ್ಲಿ, ಕೋಟೆ ಬೆಟ್ಟದ ಕಡೆ ಮುಖ ಮಾಡಿಕೊಂಡು, ಎಡಮಂಡಿ ಮಡಚಿ, ಬೆರಳು ನೆಲಕ್ಕೂರಿ. ಏಳು ನಿಮಿಷದ ಸರದಿಯಲ್ಲಿ ನಾಲ್ಕಾದರೂ ಮುಗಿದಿರಬೇಕು, ಎಲ್ಲರೂ ಎದ್ದು ಓಡಿ ಮತ್ತೆ ಕೂತಾಯಿತು, ಕೆಲವರು ಮೂರು ಮೂರು ಸಲ, ನಾನೊಬ್ಬಳು ನೆಟ್ಟ ಕಲ್ಲು. ಎಂಥಾ ಆಟ ಕಲಿಸಿದರಪ್ಪ ನನಗೆ, ಬೇರೆ ಆಟವಾಗಿದ್ದರೆ ನುಗ್ಗಿ ಕಸಿದುಕೊಳ್ಳಬಹುದಿತ್ತು, ಇಲ್ಲಿ ಬೆನ್ನು ಮುಟ್ಟಿ ಖೋ ಅನ್ನದೆ ಏಳುವ ಹಾಗಿಲ್ಲ, ಎದ್ದರೆ ಫೌಲ್, ಒಳಗೆ ಎಷ್ಟು ಉರಿದರೂ ಯಾರೋ ಬಂದು ತಟ್ಟುವವರೆಗೆ ಕೂತಿರಬೇಕು. ಸಂಜೆ ಐದಕ್ಕೆ ಚಿತ್ರಲಿಂಗಪ್ಪ ಸರ್ ಜಿಲ್ಲಾ ತಂಡದ ಹೆಸರು ಓದುತ್ತಾರೆ, ಹನ್ನೆರಡು ಹೆಸರು, ಓಡದವಳ ಹೆಸರನ್ನು ಅವರಾದರೂ ಯಾಕೆ ಬರೆದಾರು? ಬೆಳಿಗ್ಗೆಯೇ ಅಂದರಲ್ಲ, ನೋಡಮ್ಮ, ಆಗ್ದಿದ್ರೆ ಬ್ಯಾಡ, ಸ್ಕೋರ್ ಬರಿಯಾಕೆ ಬಾ, ನಿನ್ ಕೈಬರಹ ಚೆನ್ನಾಗೈತೆ. ಕೈಬರಹವಂತೆ! ಐದು ವರ್ಷ ನನ್ನ ಕಾಲು ನೋಡಿ ಚಪ್ಪಾಳೆ ತಟ್ಟಿದವರು ಈಗ ಕೈ ನೋಡುತ್ತಿದ್ದಾರೆ, ಇಪ್ಪತ್ತೆರಡನೇ ವಯಸ್ಸಿಗೇ ನಾನು ಕುರ್ಚಿ ಮೇಲೆ ಕೂತು ಮಂದಿಯ ಪಾಯಿಂಟು ಬರೆಯಬೇಕಂತೆ. ಆ ಕೆಲಸ ನನಗೆ ಬೇಡ.

ಮತ್ತೆ ಹೆಜ್ಜೆ, ಈ ಸಲದ ಖೋ ನನ್ನದೇ, ಬೆನ್ನು ಸೆಟೆಯುತ್ತದೆ — ಇಲ್ಲ, ಎರಡನೇ ಚೌಕಕ್ಕೆ ಹೋಯಿತು, ಹಾಳಾಗಿ ಹೋಗಲಿ. ಕಂಬ ಕಾಣುತ್ತದೆ ಓರೆಗಣ್ಣಿಗೆ, ಆ ಕಂಬದ ತುದಿ ನನ್ನದಾಗಿತ್ತು, ಒಂದು ಕೈಯಲ್ಲಿ ಕಂಬ ಹಿಡಿದು ಮೈ ಪೂರ್ತಿ ಚಾಚಿ ಧುಮುಕಿದರೆ ತಪ್ಪಿಸಿಕೊಂಡವರಿಲ್ಲ, ಬಾಗೂರಿನ ಸುಷ್ಮಿತಾ ಕಂಬದತ್ರ ಅವಳೆ ಅಂದರೆ ಆ ಕಡೆ ಸುಳಿಯಲು ಹೆದರುತ್ತಿದ್ದರು. ಹೊಸದುರ್ಗದ ಟೂರ್ನಿಯಲ್ಲಿ ಅದೇ ಧುಮುಕು, ಮೈ ತಿರುಗಿತು, ಪಾದ ತಿರುಗಲಿಲ್ಲ, ಎಡಮಂಡಿಯೊಳಗೆ ಟಪ್ ಅಂದಿದ್ದು ನನಗೊಬ್ಬಳಿಗೇ ಕೇಳಿಸಿತು. ಅವ್ವ ನೋಡಿ ಅಂದಳು, ಉಳುಕೈತೆ ಅಷ್ಟೆ, ತಡಿ ನಾಗಕ್ಕನ್ನ ಕರಿತೀನಿ. ನಾಗಕ್ಕ ನಮ್ಮ ಕೇರಿಯವಳು, ಕಾಲು ಮುಂದಾಗಿ ಹುಟ್ಟಿದವಳು, ಅಂಥವರು ತುಳಿದರೆ ಉಳುಕು ಬಿಡುತ್ತದೆ ಅಂತ ಊರಿಗೆ ಊರೇ ನಂಬುತ್ತದೆ, ನಾನೂ ನಂಬಿದೆ, ಬಿ.ಎ. ಓದಿದವಳು, ಮೂರು ಬೆಳಿಗ್ಗೆ ಹಸಿದ ಹೊಟ್ಟೆಯಲ್ಲಿ ಹೊಸ್ತಿಲ ಕಡೆ ಕಾಲು ಚಾಚಿ ಮಲಗಿದೆ, ಆಕೆ ಎಡಗಾಲಲ್ಲಿ ಮೂರು ಮೂರು ಸಲ ಮಂಡಿ ತುಳಿದಳು, ನಾನು ಅವ್ವನ ಸೆರಗು ಕಚ್ಚಿ ಹಿಡಿದೆ, ಬಿಡ್ತು ನೋಡವ್ವ, ಇನ್ನ ಜಿಂಕೆ ಓಡ್ದಂಗೆ ಓಡ್ತೀಯ ಅಂದಳು ನಾಗಕ್ಕ. ಬಾವು ಇಳಿಯಿತು, ಅದು ತಾನಾಗಿ ಇಳಿಯುತ್ತದೆ ಅಂತ ಯಾರಿಗೆ ಗೊತ್ತು, ನಾಗಕ್ಕನಿಗೆ ಕುಬುಸದ ಕಣ ಕೊಟ್ಟು ಕಾಲಿಗೆ ಬಿದ್ದೆ. ಇಪ್ಪತ್ತನೇ ದಿನಕ್ಕೆ ಹಿರಿಯೂರಿನಲ್ಲಿ ಪಂದ್ಯ, ಕ್ರೇಪ್ ಬ್ಯಾಂಡೇಜ್ ಸುತ್ಕಂಡು ಇಳಿಯಮ್ಮ, ನೀನಿಲ್ದಿದ್ರೆ ಕಂಬದ ಕಡೆ ಯಾರದಾರೆ ಅಂದರು ಸರ್, ಇಳಿದೆ, ಈ ಸಲ ಬಿದ್ದವಳು ಏಳಲಿಲ್ಲ. ದಾವಣಗೆರೆಯ ಡಾಕ್ಟರು ಸ್ಕ್ಯಾನಿಂಗ್ ಫಿಲ್ಮನ್ನು ಬೆಳಕಿಗೆ ಹಿಡಿದು, ಲಿಗಮೆಂಟ್ ಪೂರ್ತಿ ಹರಿದಿದೆ, ಒಳಗಿನ ಮೆತ್ತೆಯೂ ಹೋಗಿದೆ, ಮೊದಲೇ ಬಂದಿದ್ದರೆ ಅದಾದರೂ ಉಳಿಯುತ್ತಿತ್ತು, ಇಷ್ಟು ದಿನ ಏನು ಮಾಡ್ತಿದ್ದಿರಿ ಅಂದರು. ತುಳಿಸ್ಕಳ್ತಿದ್ದೆ ಸಾರ್ ಅನ್ನಲೇ? ಅವ್ವ ನೆಲ ನೋಡುತ್ತಿದ್ದಳು.

ತೊಡೆಯ ಹಿಂದಿನ ಸ್ನಾಯುವಿನ ಎಳೆ ತೆಗೆದು ಮಂಡಿಯೊಳಗೆ ಹೊಲಿದರು, ಅಲ್ಲಿಂದ ಹನ್ನೊಂದು ತಿಂಗಳು, ಮೊದಲ ವಾರ ಹಿಮ್ಮಡಿಯನ್ನು ಒಂದು ಗೇಣು ಎಳೆದುಕೊಳ್ಳಲು ದಿಂಬು ಕಚ್ಚಬೇಕಿತ್ತು, ಆಮೇಲೆ ಕಾಲಿಗೆ ಮರಳಿನ ಚೀಲ ಕಟ್ಟಿ ಎತ್ತಿದ್ದು, ಗೋಡೆಗೊರಗಿ ಕೂತಿದ್ದು, ಮೆಟ್ಟಿಲು ಹತ್ತಿದ್ದು ಇಳಿದಿದ್ದು, ಇಳಿಯುವುದೇ ಕಷ್ಟ. ಬಿದ್ದವರಿಗೆ ಆಳಿಗೊಂದು ಕಲ್ಲು, ಬಾಳೆಹಣ್ಣು ಬ್ರೆಡ್ಡು ಹಿಡಿದುಕೊಂಡು ಬಂದವರೆಲ್ಲ ಒಂದೊಂದು ಎಸೆದು ಹೋದರು, ಅಯ್ಯೋ ಪಾಪ, ಹೆಣ್ ಹುಡುಗಿ ಮಂಡಿ ಕೊಯ್ಸಿದ್ರಲ್ಲ, ನಾಳೆ ಹಸೆಮಣೆ ಮ್ಯಾಲೆ ಚಕ್ಕಂಬಕ್ಕಳ ಹಾಕ್ಕಂಡು ಎಂಗೆ ಕುಂತ್ಕಂತಾಳೆ? ಪಾಪ ಅನ್ನುವ ಮಾತು ಕೇಳಿದರೆ ಮೈಯೆಲ್ಲ ಮುಳ್ಳಾಗುತ್ತದೆ. ಫಿಜಿಯೋಥೆರಪಿಯ ನಿರಂಜನ್ ಒಬ್ಬ ಪಾಪ ಅನ್ನಲಿಲ್ಲ, ಒಂಟಿ ಕಾಲಲ್ಲಿ ಕುಪ್ಪಳಿಸು ಅನ್ನುತ್ತಿದ್ದ, ಟೇಪು ಹಿಡಿದು ಅಳೆಯುತ್ತಿದ್ದ, ಕೊನೆಗೆ ಎರಡೂ ಕಾಲು ಒಂದೇ ಅಳತೆ ಐತೆ, ಹೋಗು ಆಡೋಗು ಅಂತ ಕಾಗದದ ಮೇಲೆ ಬರೆದು ಸಹಿ ಹಾಕಿದ. ಆ ಕಾಗದವನ್ನು ಸರ್ ಓದಲೂ ಇಲ್ಲ, ಮಡಚಿ ಜೇಬಿಗಿಟ್ಟುಕೊಂಡರು.

ಇದೆಲ್ಲ ಸುಪ್ರಿಯಾ ಹೇಳಿಟ್ಟಿದ್ದು, ನನಗೆ ಗೊತ್ತು, ಆರನೇ ಚೌಕಕ್ಕೆ ಖೋ ಕೊಡಬ್ಯಾಡ್ರೇ ಅಂತ ಹುಡುಗಿಯರಿಗೆಲ್ಲ ಹೇಳಿಯೇ ಇಳಿಸಿದ್ದಾಳೆ, ಈಗ ಅವಳೇ ತಾನೇ ಕ್ಯಾಪ್ಟನ್, ನಾನು ಮಂಚದ ಮೇಲೆ ಬಿದ್ದಿದ್ದಾಗ ಕಂಬದ ತುದಿಯೂ ಅವಳದಾಯಿತು. ಬಬ್ಬೂರಿನ ಫಾರ್ಮಿನಲ್ಲಿ ಕೂಲಿ ಮಾಡುವ ಹೆಂಗಸರ ಸಾಲಿನಲ್ಲಿ ಅವಳವ್ವನೂ ಒಬ್ಬಳು, ಮುದ್ದೆ ಉಂಡು ಬೆಳೆದ ಗಟ್ಟಿ ಮೈ, ಒಂದೇ ಡಬ್ಬಿಯಲ್ಲಿ ಉಂಡವರು ನಾವು, ಧುಮುಕುವುದನ್ನು ಕಲಿಸಿದ್ದು ನಾನೇ, ಹಿಂಗಲ್ಲೇ ಎಮ್ಮೆ, ಭುಜ ಮೊದಲು ಹಾಕು ಅಂತ ಬೈದು ಬೈದು. ಆಸ್ಪತ್ರೆಗೆ ಒಂದೇ ಸಲ ಬಂದಳು, ಬಂದು ಅತ್ತಳು, ನನಗೆ ಅವಳ ಕಣ್ಣೀರು ನೋಡುವುದಕ್ಕಿಂತ ಅವಳ ಎರಡು ಕಾಲು ನೋಡುವುದು ಕಷ್ಟವಾಗಿ ಆ ಕಡೆ ತಿರುಗಿ ಮಲಗಿದೆ, ಮತ್ತೆ ಬರಲಿಲ್ಲ. ಬಾರದಿದ್ದುದು ನನ್ನ ತಪ್ಪೋ ಅವಳದೋ? ಅವಳದೇ. ಇದೋ ಬಂದಳು ನೋಡು, ಮೂಗುಸಿರಿನ ಸದ್ದಿನಲ್ಲೇ ಗೊತ್ತಾಗುತ್ತದೆ ಅವಳೇ ಅಂತ, ಹಿಂದಿನಿಂದ ಓಡುತ್ತಲೇ ಅಂದಳು, ಬೆನ್ನು ಕೊಡೇ ಸುಷ್ಮಿ, ಮುದುಡಬ್ಯಾಡ — ಅಂದು ನಾಲ್ಕನೆಯವಳಿಗೆ ಕೊಟ್ಟಳು. ಮುದುಡಿದೆನಾ? ನಾನಾ? ಕೊಡದಿರುವುದಕ್ಕೆ ಒಂದು ನೆಪ ಬೇಕಲ್ಲ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆದರೆ ನನ್ನ ಭುಜ ಕಿವಿಯ ಹತ್ತಿರ ಇದೆಯಲ್ಲ, ಯಾವಾಗ ಏರಿತು ಇದು, ಪ್ರತಿ ಸಲವೂ ಹೀಗೇ ಏರುತ್ತಿತ್ತೇ? ಇಳಿಸಿದೆ.

ಸರ್ ಕೂಗುತ್ತಿದ್ದಾರೆ, ಇನ್ನೊಂದೇ ನಿಮಿಷ, ಬೇಗ ಬೇಗ. ಓಡುವ ತಂಡದಲ್ಲಿ ಒಬ್ಬಳೇ ಉಳಿದಿದ್ದಾಳೆ, ಹೊಳಲ್ಕೆರೆಯ ಕಾವ್ಯ, ಹದಿನೆಂಟರ ಹುಡುಗಿ, ಚೌಕಗಳ ನಡುವೆ ನುಸುಳಿ ಈ ಕಡೆ ಬಂದಳು, ನನ್ನ ಕಡೆಗೇ, ಎರಡು ಮಾರು ದೂರ, ದಣಿದಿದ್ದಾಳೆ, ಸೊಂಟದ ಮೇಲೆ ಕೈಯಿಟ್ಟು ಬಾಗಿದ್ದಾಳೆ, ಇವಳನ್ನು ನಾನು ಮುಟ್ಟಿದರೆ ಸಂಜೆಯ ಪಟ್ಟಿಯಲ್ಲಿ ನನ್ನ ಹೆಸರು, ಯಾರಪ್ಪನೂ ಅಳಿಸಲಾರ, ಕೊಡೇ, ಕೊಡೇ ಯಾರಾದರೂ, ದೇವರೇ — ಹಿಂದೆ ಹೆಜ್ಜೆ, ಸುಪ್ರಿಯಾಳ ಮೂಗುಸಿರು, ಈ ಸಲ ದಾಟಲಿಲ್ಲ, ಬಿತ್ತು, ಇಡೀ ಅಂಗೈ, ಮೊದಲಿನ ಹಾಗೆಯೇ ಒಂದಿಷ್ಟೂ ಕರುಣೆ ಇಲ್ಲದ ಏಟು, ಖೋ! ನನಗೇ, ಖೋ ನನಗೇ, ಬಲಗಾಲು ಎದ್ದಿತು, ಎಡಗಾಲು — ನೋವಿಲ್ಲ, ಮಂಡಿಯಲ್ಲಿ ಏನೂ ನೋವಿಲ್ಲ, ಏಳು ಅಂದೆ, ಏಳೇ ಅಂದೆ, ಪಾದ ಊರಿ ಮೈ ತಿರುಗಿಸಬೇಕು ಅಷ್ಟೆ, ಆ ತಿರುವೊಂದಕ್ಕೆ ಕಾಲು ಒಲ್ಲೆ ಅನ್ನುತ್ತಿದೆ, ನಾನೇ ಒಲ್ಲೆ ಅನ್ನುತ್ತಿದ್ದೇನೆ, ಊರಿದ ಬೆರಳು ಮಣ್ಣಿನಿಂದ ಬಿಡುತ್ತಿಲ್ಲ. ಸುಷ್ಮೀ, ಏಳೇ, ಅವಳು ಅಲ್ಲೇ ಅವಳೆ, ಏಳೇ ಅಂತ ಹಿಂದಿನಿಂದ ಸುಪ್ರಿಯಾ. ಕಾವ್ಯ ಓಡಿದಳು, ನಾಲ್ಕು ಹೆಜ್ಜೆ, ಹಿಂದೆ ಯಾರ ಸಪ್ಪಳವೂ ಬರದಿದ್ದಕ್ಕೆ ನಿಂತಳು, ತಿರುಗಿ ನೋಡಿದಳು, ಓಡು ಹುಡುಗಿ, ನಿನ್ನ ಕೆಲಸ ಓಡುವುದು, ಓಡು, ನನ್ನನ್ನು ನೋಡಬೇಡ — ಅವಳು ಓಡಲಿಲ್ಲ, ಒಂದು ಹೆಜ್ಜೆ ನನ್ನ ಕಡೆಗೇ ಬಂದಳು, ಇನ್ನೊಂದು, ಮುಟ್ಟಕ್ಕ ಅಂದಳು ಮೆಲ್ಲಗೆ, ಯಾರಿಗೂ ಕೇಳಿಸದ ಹಾಗೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಅವಳ ಪಾದ, ಕೆಂಪು ಮಣ್ಣು ಮೆತ್ತಿದ ಎರಡು ಪಾದ, ಓಡದೆ, ಬೆರಳು ನನ್ನ ಕಡೆ ಮಾಡಿಕೊಂಡು, ನನಗೋಸ್ಕರ ನಿಂತ ಪಾದ, ಮುಟ್ಟಕ್ಕ, ನಿಂತ ಪಾದ, ಪಾಪ ಅಂತ ನಿಂತೇ ಇರುವ ಪಾದ, ನನ್ನ ಬೆರಳು ಇನ್ನೂ ಮಣ್ಣಿನಲ್ಲೇ.