ಹಿರೀಮಗನ ತಲೆ

"ತಿರುಗು, ಹಿಂದೆ ತಿರುಗು ಮಾರಾಯ್ತಿ. ಇವರಿಗೆ ಬುಡ ನೋಡ್ಬೇಕಂತೆ."

ವಿನಾಯಕ್ ಸಾರ್ ಹೇಳಿದ ಮೇಲೆ ತಿರುಗಿದೆ. ಅಮೆರಿಕದ ನ್ಯೂಜೆರ್ಸಿಯಲ್ಲಿ, ಐಸೆಲಿನ್ನಿನ ಓಕ್ ಟ್ರೀ ರಸ್ತೆಯಲ್ಲಿ ಅವರ ಕೂದಲೆಣ್ಣೆಯ ಅಂಗಡಿ. ಬಾಗಿಲ ಪಕ್ಕ ಎರಡು ಸ್ಟೂಲು. ಒಂದರ ಮೇಲೆ ನಾನು ನಿಂತು, ಮೊಣಕಾಲಿನವರೆಗೆ ಬಿದ್ದ ನನ್ನ ಕೂದಲನ್ನು ಬಂದವರಿಗೆ ತೋರಿಸಬೇಕು. ಅದು ನನ್ನ ಕೆಲಸ. ಆವತ್ತು ಬಂದ ಹೆಂಗಸು ನೋಡಿ ಸುಮ್ಮನಾಗಲಿಲ್ಲ, ಜಡೆ ಹಿಡಿದು ಜಗ್ಗಿದಳು. ಕಣ್ಣಲ್ಲಿ ನೀರು ಬಂತು.

"ಒರಿಜಿನಲ್ಲೇ ರೀ," ಎಂದು ಗಂಡನಿಗೆ ಹೇಳಿದಳು. "ಸ್ಮೆಲ್ ಮಾತ್ರ ಒಂಥರಾ ಇದೆ."

"ಕಾಡಿನವರಲ್ವಾ ಮೇಡಂ. ಅದೇ ಜೆನ್ಯೂನ್ ಅನ್ನುವುದಕ್ಕೆ ಪ್ರೂಫ್," ಎಂದರು ವಿನಾಯಕ್ ಸಾರ್. ಹೆಂಗಸು ನಕ್ಕಳು, ಎರಡು ಬಾಟಲಿ ಎಣ್ಣೆ ತೆಗೆದುಕೊಂಡು ಕೈಗೆ ಸ್ಯಾನಿಟೈಜರ್ ಹಚ್ಚಿಕೊಂಡು ಹೋದಳು.

ಇನ್ನೊಂದು ಸ್ಟೂಲಿನ ಮೇಲೆ ನನ್ನ ಮಗ ರೇಂಜರ್ ನಿಂತಿದ್ದ. ಹನ್ನೊಂದು ವರ್ಷದವನು. ಅವನ ಕೂದಲು ಸೊಂಟ ದಾಟಿತ್ತು.

ನಾವು ಹಕ್ಕಿಪಿಕ್ಕಿಗಳು. ಹಿಂದೆ ಹಕ್ಕಿ ಹಿಡಿದು ಮಾರುತ್ತಿದ್ದೆವಂತೆ. ಅದನ್ನು ಸರ್ಕಾರ ನಿಲ್ಲಿಸಿದ ಮೇಲೆ ಎಣ್ಣೆ ಕಾಯಿಸಿಕೊಂಡು ದೇಶ ದೇಶ ಸುತ್ತುತ್ತೇವೆ. ಹುಣಸೂರಿನ ಕಡೆಯ ನಮ್ಮ ಕಾಲೊನಿಯಲ್ಲಿ ಮಗು ಹುಟ್ಟಿದಾಗ ಏನು ನೆನಪಿಗೆ ಬಂತೋ ಅದೇ ಹೆಸರು. ನಾನು ಕಾಫಿ. ನನ್ನ ಗಂಡ ಮಿಲ್ಟ್ರಿ. ನಮ್ಮ ಮಾವನನ್ನು ಫಾರೆಸ್ಟಿನವರು ಬಿಟ್ಟು ಕಳಿಸಿದ ದಿನ ಮಗ ಹುಟ್ಟಿದ, ರೇಂಜರ್ ಆದ. ಇಲ್ಲಿಗೆ ಬಂದ ಮೇಲೆ ವಿನಾಯಕ್ ಸಾರ್ ಹೆಂಡತಿ ಪದ್ಮಜಾ ಮೇಡಂಗೆ ಕಾಫಿ ಎಂದು ಕೂಗುವುದಕ್ಕೆ ನಗು ಬರುತ್ತಿತ್ತಂತೆ. ಅವರೇ ನನಗೆ ಕಾವೇರಿ ಎಂದು ಹೆಸರಿಟ್ಟರು. ನನ್ನನ್ನು ಯಾರೂ ಕೇಳಲಿಲ್ಲ.

ಪಕ್ಕದ ಊರು ಎಡಿಸನ್ನಿನ ಅವರ ಮನೆಯ ಬೇಸ್‌ಮೆಂಟಿನಲ್ಲಿ ನಮ್ಮ ವಾಸ. ಮಿಲ್ಟ್ರಿ ಎಣ್ಣೆ ಕಾಯಿಸುವುದೂ ಅಲ್ಲೇ, ನಾವು ಮಲಗುವುದೂ ಅಲ್ಲೇ. ಪಾಸ್‌ಪೋರ್ಟು ಮೂರೂ ಮೇಲಿನ ಮಹಡಿಯ ಲಾಕರಿನಲ್ಲಿ. ಗೋಡೆಯ ತುದಿಯಲ್ಲೊಂದು ಗೇಣಗಲದ ಕಿಟಕಿ ಇತ್ತು. ಬೆಳಿಗ್ಗೆ ಸ್ಕೂಲ್ ಬಸ್ಸು ಬಂದು ನಿಂತರೆ ಅದರ ಚಕ್ರ ಮಾತ್ರ ಕಾಣುತ್ತಿತ್ತು. ರೇಂಜರ್ ಬಕೆಟ್ ಬೋರಲು ಹಾಕಿ, ಹತ್ತಿ ನಿಂತು, ಆ ಚಕ್ರ ನೋಡುತ್ತಿದ್ದ.

ನನಗೆ ಅವನು ಓದಬೇಕಿತ್ತು. ಬೇರೆ ಯಾವ ಆಸೆಯೂ ನನ್ನಲ್ಲಿ ಉಳಿದಿರಲಿಲ್ಲ. ಊರಿನ ಶಾಲೆಯಲ್ಲಿ ಅವನು ಒಳಗೆ ಕಾಲಿಟ್ಟರೆ ಮೇಷ್ಟ್ರು, "ಹಕ್ಕಿಪಿಕ್ಕಿ ಬಂತು, ಎಲ್ರೂ ಪೆನ್ಸಿಲ್ ಎತ್ತಿಟ್ಕೊಳ್ರೋ" ಎನ್ನುತ್ತಿದ್ದರು. ಮೂರನೇ ಕ್ಲಾಸಿಗೆ ಅವನೇ ಬಿಟ್ಟ. ಇಂಗ್ಲಿಷು ಮಾತ್ರ ಸ್ಟೂಲಿನ ಮೇಲೆ ನಿಂತು ನಿಂತೇ ಕಲಿತಿದ್ದ.

ಹಾಗಾಗಿ ಪದ್ಮಜಾ ಮೇಡಂ ಮೆಟ್ಟಿಲಿಳಿದು ಬಂದು, "ಕಾವೇರಿ, ಗುಡ್ ನ್ಯೂಸ್! ಇವನನ್ನ ಸ್ಕೂಲಿಗೆ ಸೇರಿಸ್ತಾ ಇದೀನಿ," ಎಂದಾಗ ನಾನು ಅವರ ಕಾಲಿಗೆ ಬಿದ್ದೆ. ಅವರದೊಂದು ಟ್ರಸ್ಟ್ ಇದೆ. ಅಲೆಮಾರಿ ಮಕ್ಕಳ ವಿದ್ಯೆಗೆ ಇಲ್ಲಿನ ಕನ್ನಡದವರಿಂದ ದುಡ್ಡು ಎತ್ತುತ್ತಾರೆ.

"ಆದ್ರೆ ಈ ಕೂದಲಿಟ್ಕೊಂಡು ಆಗಲ್ಲ ಕಣೆ. ಸ್ಕೂಲ್‌ನವರು ಸೇರಿಸ್ಕೊಳಲ್ಲ. ಲೈಸ್ ಇರುತ್ತೆ ಅಂತಾರೆ. ನೀಟಾಗಿ ಶೇವ್ ಮಾಡಿಸ್ಬಿಡೋಣ."

"ಹೇನಿಲ್ಲ ಮೇಡಂ. ದಿನಾ ನಾನೇ ಬಾಚ್ತೀನಿ."

"ರೂಲ್ ಅಂದ್ರೆ ರೂಲ್."

"ಹಿರೀಮಗ ಮೇಡಂ. ಕತ್ತರಿ ತಾಗುಸಂಗಿಲ್ಲ. ಅವ್ರಪ್ಪ ಸತ್ತ ದಿನಾನೇ ಅವನ ತಲೆ ತೆಗಿಯೋದು. ನಮ್ಮನೇಲಿ ತಾತನ ಕಾಲದಿಂದ್ಲೂ ಹಂಗೇಯ."

ಪದ್ಮಜಾ ಮೇಡಂ ಬೇಜಾರಿನಿಂದ ನನ್ನನ್ನೇ ನೋಡಿದರು. "ಇದಕ್ಕೇನೇ ನೀವುಗಳು ಎಷ್ಟು ಹೆಲ್ಪ್ ಮಾಡಿದ್ರೂ ಮೇಲಕ್ಕೆ ಬರದೇ ಇರೋದು. ನಿಂಗೆ ಮಗ ಓದೋದು ಬೇಕೋ, ಜಡೆ ಬೇಕೋ, ಡಿಸೈಡ್ ಮಾಡು."

ಮಿಲ್ಟ್ರಿ ಊರಲ್ಲಿರಲಿಲ್ಲ. ಪಾರ್ಸಿಪನಿ ಎಂಬ ಊರಿನ ಯಾವುದೋ ಮೇಳದಲ್ಲಿ ಎಣ್ಣೆ ಮಾರಲು ಅವನನ್ನು ಕಳಿಸಿದ್ದರು. ಅವನನ್ನು ಕೇಳಿದರೆ ಬೇಡ ಎನ್ನುತ್ತಾನೆ, ಬಸ್ಸಿನ ಚಕ್ರ ನೋಡುವುದರಲ್ಲೇ ಮಗನ ಕಾಲ ಕಳೆದುಹೋಗುತ್ತದೆ. ನಾನು ಹೂಂ ಎಂದೆ.

ಗ್ಯಾರೇಜಿನಲ್ಲಿ ಕೂರಿಸಿದರು. ಪದ್ಮಜಾ ಮೇಡಂ ಫೋನು ಹಿಡಿದು ವಿಡಿಯೊ ತೆಗೆದರು, ವಿನಾಯಕ್ ಸಾರ್ ಮೊದಲು ಜಡೆ ಕತ್ತರಿಸಿ ಆಮೇಲೆ ಟ್ರಿಮ್ಮರ್ ಹಿಡಿದರು. ಹುಡುಗನ ಹೆಗಲು ಗಟ್ಟಿಯಾಗಿ ಹಿಡಿದುಕೊಂಡವಳು ನಾನೇ.

"ಅವ್ವಾ, ಬಸ್ಸಲ್ಲಿ ಹತ್ತುಸ್ಕತಾರಾ?"

"ಹೂಂ ಕನಪ್ಪಾ."

"ಸ್ಮೈಲ್ ಮಾಡೋ ಪುಟ್ಟಾ, ಇಲ್ಲಿ ನೋಡು!" ಎಂದರು ಪದ್ಮಜಾ ಮೇಡಂ. ಅವನು ಹಲ್ಲು ತೋರಿಸಿದ.

ಕೆಳಗೆ ಬಿದ್ದದ್ದನ್ನು ಎತ್ತಿಕೊಳ್ಳಲು ಬಗ್ಗಿದೆ. ವಿನಾಯಕ್ ಸಾರ್ ನನಗಿಂತ ಮುಂಚೆ ಜಡೆ ಎತ್ತಿಕೊಂಡರು. "ಇದಕ್ಕೊಂದು ಗಾಜಿನ ಪೆಟ್ಟಿಗೆ ಮಾಡಿಸಿ ಅಂಗಡಿಯಲ್ಲಿ ಇಡುವ. ಕೂದಲು ಊಟ ಕೇಳುವುದಿಲ್ಲ, ಮೂತ್ರಕ್ಕೆ ಹೋಗಬೇಕು ಅಂತ ಗಲಾಟೆ ಇಲ್ಲ," ಎಂದರು. ಗಂಡ ಹೆಂಡತಿ ಇಬ್ಬರೂ ನಕ್ಕರು. ನನಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಪೊರಕೆ ತಂದು ಗ್ಯಾರೇಜು ಗುಡಿಸಿದೆ.

ಸಂಜೆ ಮಿಲ್ಟ್ರಿ ಬಂದ. ಮೆಟ್ಟಿಲ ಮೇಲೆಯೇ ನಿಂತು ಮಗನ ತಲೆ ನೋಡಿದ.

"ಯಾರ್ ಸತ್ರಮ್ಮಿ?"

"ಯಾರೂ ಸತ್ತಿಲ್ಲ. ಇಸ್ಕೂಲಿಗೆ ಸೇರುಸ್ತಾರಂತೆ, ಅದ್ಕೆ."

"ನಾನ್ ಬದುಕಿದ್ದಂಗೇ ಹಿರೀಮಗನ ತಲೆ ತೆಗುದ್ರಾ?"

ಬೈಯುತ್ತಾನೆ, ಹೊಡೆಯುತ್ತಾನೆ ಎಂದುಕೊಂಡೆ. ಅವನು ಕೈಯಲ್ಲಿದ್ದ ಚೀಲ ಕೆಳಗಿಟ್ಟ, ಚಾಪೆ ಹಾಸಿದ, ಕಾಲು ನೀಡಿ ಮಲಗಿದ. "ಹಂಗಾರೆ ನಾನು ಸತ್ತೆ ಬುಡು," ಎಂದು ದುಪ್ಪಟಿಯನ್ನು ಮುಖದ ಮೇಲೆ ಎಳೆದುಕೊಂಡ.

ಬೆಳಿಗ್ಗೆ ಏಳಲಿಲ್ಲ. ಮರುದಿನವೂ ಏಳಲಿಲ್ಲ. ಎಣ್ಣೆಯ ಕೊಪ್ಪರಿಗೆ ತಣ್ಣಗೆ ಕೂತಿತ್ತು. ನಾವು ಮಲಗಿದ ಮೇಲೆ ಎದ್ದು ತಂಗಳನ್ನ ತಿನ್ನುತ್ತಿದ್ದ, ಪಾಯಿಖಾನೆಗೆ ಹೋಗಿಬರುತ್ತಿದ್ದ. ಬೆಳಕು ಹರಿಯುವಷ್ಟರಲ್ಲಿ ಮತ್ತೆ ಸತ್ತಿರುತ್ತಿದ್ದ.

ಸೋಮವಾರ ಪದ್ಮಜಾ ಮೇಡಂ ನಮ್ಮನ್ನು ಕಾರಿನಲ್ಲಿ ಸ್ಕೂಲಿಗೆ ಕರೆದುಕೊಂಡು ಹೋದರು. ಪಾಸ್‌ಪೋರ್ಟನ್ನೂ ತಂದಿದ್ದರು. ಆಫೀಸಿನಲ್ಲಿ ಮಾರ್ಗರೆಟ್ ಎಂಬ ಬಿಳಿಯ ಹೆಂಗಸು ಕೂತಿದ್ದಳು, ವಯಸ್ಸಾದವಳು. ಪಾಸ್‌ಪೋರ್ಟಿನ ಫೋಟೊ ನೋಡಿದಳು, ಹುಡುಗನ ಬೋಳುತಲೆ ನೋಡಿದಳು, ಏನೋ ಕೇಳಿದಳು. ರೇಂಜರ್ ಉತ್ತರ ಹೇಳಿದ. ಅವಳು ಮತ್ತೇನೋ ಹೇಳಿ ಹಣೆ ಗಂಟಿಕ್ಕಿಕೊಂಡಳು.

"ಏನಂತ್ಲಾ?" ಎಂದೆ.

"ಅಷ್ಟ್ ಚೆಂದಾಗಿರೋ ಕೂದ್ಲು ಯಾಕ್ ತೆಗುಸುದ್ರಿ ಅಂತಾವ್ಳೆ. ಇಸ್ಕೂಲೋರು ಹೇಳಿದ್ದು ಅಂದೆ. ನಾವ್ಯಾರೂ ಹೇಳಿಲ್ಲ, ಇಲ್ಲಿ ಹಂಗೆಲ್ಲ ರೂಲಿಲ್ಲ ಅಂತಾವ್ಳೆ."

ಕಾರಿಡಾರಿನಲ್ಲಿ ಒಬ್ಬ ಸರ್ದಾರ್ಜಿ ಹುಡುಗ ಹೋದ. ತಲೆಯ ಮೇಲೆ ಕಪ್ಪು ಬಟ್ಟೆ ಸುತ್ತಿದ ಜುಟ್ಟಿತ್ತು. ನಾನು ಪದ್ಮಜಾ ಮೇಡಂ ಮುಖ ನೋಡಿದೆ. ಅವರು ಫೋನು ನೋಡುತ್ತಿದ್ದರು.

ಮಾರ್ಗರೆಟ್ ಕೇಳಿದ್ದು ಒಂದೇ ಒಂದು. ಹುಡುಗ ಎಲ್ಲಿ ವಾಸ ಇದ್ದಾನೆ ಎಂಬುದನ್ನು ಮನೆಯ ಯಜಮಾನರು ಬರೆದು ಸಹಿ ಹಾಕಿ ಕೊಟ್ಟರೆ ಸಾಕು, ನಾಳೆಯೇ ಬಸ್ಸು ಮನೆಮುಂದೆ ನಿಲ್ಲುತ್ತದೆ ಎಂದಳಂತೆ. ರೇಂಜರ್ ಅದನ್ನು ನನಗೆ ಎರಡು ಸಲ ಹೇಳಿದ.

"ಎಂತ, ತಲೆ ಕೆಟ್ಟಿದಾ ನಿಂಗೆ?" ಎಂದು ವಿನಾಯಕ್ ಸಾರ್ ಹೆಂಡತಿಯ ಮೇಲೆ ಕೂಗಾಡಿದ್ದು ಬೇಸ್‌ಮೆಂಟಿಗೇ ಕೇಳಿತು. "ಬೇಸ್‌ಮೆಂಟಿನಲ್ಲಿ ಜನ ಇದ್ದಾರೆ ಅಂತ ನಾನೇ ಬರೆದು ಕೊಡ್ಬೇಕಾ? ಬೇಸ್‌ಮೆಂಟಲ್ಲಿ ಜನ ಇಡ್ಲಿಕ್ಕೇ ಪರ್ಮಿಷನ್ ಇಲ್ಲ, ಟೌನಿನ ಆಫೀಸಿನವರು ಬಂದು ಅಂಡಿಗೆ ಒದೀತಾರೆ. ಅಲ್ಲಿ ಯಾರೂ ಇಲ್ಲ, ಮುಗೀತು."

ಪದ್ಮಜಾ ಮೇಡಂ ಕೆಳಗೆ ಬಂದು, "ಫಂಡ್‌ರೈಸರ್ ಒಂದು ಮುಗೀಲಿ ಕಾವೇರಿ, ಆಮೇಲೆ ನೋಡೋಣ," ಎಂದರು. ನೋಡೋಣ ಎಂದರೆ ಏನೆಂದು ನನಗೆ ಗೊತ್ತು. ನಮ್ಮ ಜನಕ್ಕೆ ಎಲ್ಲ ಆಫೀಸಿನವರೂ ಹೇಳುವುದು ಅದನ್ನೇ.

ಅವರ ಹಿಂದೆಯೇ ವಿನಾಯಕ್ ಸಾರ್ ಇಳಿದು ಬಂದರು. ದೊಡ್ಡ ಆರ್ಡರ್ ಇತ್ತು, ಎಣ್ಣೆ ಇರಲಿಲ್ಲ. ಚಾಪೆಯ ಮೇಲಿದ್ದವನ ಪಕ್ಕೆಗೆ ಬೂಟುಗಾಲಿನಲ್ಲಿ ಒದ್ದರು.

"ಏಳ್ತೀಯಾ ಇಲ್ವಾ ಬೋಳಿಮಗನೇ? ನಾಟಕ ಆಡ್ತೀಯಾ? ಪಾಸ್‌ಪೋರ್ಟ್ ನನ್ನ ಹತ್ರ ಉಂಟು, ನೆನಪಿರ್ಲಿ. ಒಂದು ಫೋನ್ ಮಾಡಿದ್ರೆ ಕೈಗೆ ಕೋಳ ಹಾಕಿ ಫ್ಲೈಟ್ ಹತ್ತಿಸ್ತಾರೆ."

"ಸತ್ತೋನ್ಗೆ ಒದ್ರೆ ಪಾಪ ಸಾರ್," ಎಂದ ಮಿಲ್ಟ್ರಿ ದುಪ್ಪಟಿಯ ಒಳಗಿಂದ.

ಇನ್ನೂ ನಾಲ್ಕು ಒದೆ ಬಿತ್ತು. ಹುಡುಗ ಗೋಡೆಗೆ ಮುಖ ಮಾಡಿ ಕೂತಿದ್ದ. ನಾನು ಅಕ್ಕಿ ಆರಿಸುತ್ತಿದ್ದೆ, ಆರಿಸುತ್ತಲೇ ಇದ್ದೆ.

ಶನಿವಾರ ಎಡಿಸನ್ನಿನ ಒಂದು ಹೋಟೆಲಿನ ಹಾಲ್‌ನಲ್ಲಿ ಟ್ರಸ್ಟಿಗೆ ದುಡ್ಡು ಎತ್ತುವ ಕಾರ್ಯಕ್ರಮ. ರೇಷ್ಮೆ ಸೀರೆ, ಜುಬ್ಬ, ದುಂಡುಮೇಜಿನ ಮೇಲೆ ಬಿಸಿಬೇಳೆಬಾತು, ಚಿರೋಟಿ. ನನಗೆ ಎಲ್ಲಿಂದಲೋ ತಂದ ಕನ್ನಡಿ ಕೂರಿಸಿದ ಲಂಗ ಉಡಿಸಿದರು. ಅದು ಲಂಬಾಣಿಯವರದು, ನಮ್ಮದಲ್ಲ ಎಂದೆ. "ಯಾರಿಗೆ ಗೊತ್ತಾಗುತ್ತೆ ಬಿಡು," ಎಂದರು ಪದ್ಮಜಾ ಮೇಡಂ. ರೇಂಜರಿಗೆ ಕೋಟು, ಟೈ, ಬೆನ್ನಿಗೊಂದು ಹೊಸ ಸ್ಕೂಲ್ ಬ್ಯಾಗು. ಹೇಳಬೇಕಾದ ಮಾತನ್ನು ಕಾರಿನಲ್ಲೇ ನನಗೆ ಬಾಯಿಪಾಠ ಮಾಡಿಸಿದ್ದರು: ನನ್ನ ಮಗ ಇನ್ನು ಕಾಡಿಗೆ ಹೋಗಲ್ಲ, ಕಾಲೇಜಿಗೆ ಹೋಗ್ತಾನೆ, ನಿಮ್ಮೆಲ್ಲರಿಗೂ ನಮಸ್ಕಾರ.

ವೇದಿಕೆಯ ಹಿಂದಿನ ಪರದೆಯ ಮೇಲೆ ಗ್ಯಾರೇಜಿನ ವಿಡಿಯೊ ಬಂತು. ವೀಣೆಯ ಸಂಗೀತ ಸೇರಿಸಿದ್ದರು. ಜಡೆ ನೆಲಕ್ಕೆ ಬಿತ್ತು, ಹುಡುಗ ಹಲ್ಲು ತೋರಿಸಿದ, ಹಾಲ್ ತುಂಬ ಚಪ್ಪಾಳೆ. ಪದ್ಮಜಾ ಮೇಡಂ ಕಣ್ಣೊರೆಸಿಕೊಂಡು ಮೈಕನ್ನು ನನ್ನ ಬಾಯಿಗೆ ಹಿಡಿದರು.

ಅಷ್ಟರಲ್ಲಿ ಮುಂದಿನ ಮೇಜಿನಿಂದ ಒಬ್ಬ ಮುದುಕರು ಎದ್ದು ನಿಂತರು. ಗಣಪತಿ ಅಂಕಲ್ ಎಂದು ಎಲ್ಲರೂ ಕರೆಯುವ ಧಾರವಾಡದ ಡಾಕ್ಟರು. ಚಮಚ ಇನ್ನೂ ಕೈಯಲ್ಲೇ ಇತ್ತು.

"ಪದ್ಮಜಾ, ಒಂದ್ನಿಮಿಷ ತಡೀರಿ. ನೀವು ಏನರೆ ಹೇಳ್ರಿ, ನನಗ ಇದು ನೋಡಾಕ ಆಗವಲ್ತು. ಹುಡುಗನ ತಲೀ ಹಿಂಗ್ಯಾಕ ಬೋಳಿಸ್ಯಾರ? ಏನವ್ವಾ ತಂಗಿ, ಇವನ ಅಪ್ಪ ಇಲ್ಲೇನು?"

ಬಾಯಿಪಾಠ ಮಾಡಿದ್ದು ನನ್ನ ನಾಲಿಗೆಯ ಮೇಲೇ ಇತ್ತು. ಹೇಳಿಬಿಟ್ಟರೆ ಊಟ ಸಿಗುತ್ತಿತ್ತು. ಬೆಳಿಗ್ಗೆ ಮತ್ತೆ ಸ್ಟೂಲು.

"ಇಲ್ಲ ಸ್ವಾಮಿ," ಎಂದೆ. "ಸತ್ತವ್ನೆ."

ಮೈಕಿನಲ್ಲಿ ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು. ಪದ್ಮಜಾ ಮೇಡಂ ಮೈಕ್ ಎಳೆದರು, ನಾನು ಬಿಡಲಿಲ್ಲ.

"ಯಾವಾಗವ್ವಾ?"

"ಇವನ ತಲೆ ತೆಗೆದ್ರಲ್ಲ, ಅವತ್ತೇಯ. ಇವರ ಮನೆ ಬೇಸ್‌ಮೆಂಟಲ್ಲಿ ಮಲಗವ್ನೆ. ಇನ್ನೂವೆ ಎತ್ತಿಲ್ಲ."

ಒಬ್ಬಾಕೆ ಬಾಯಿಗಿಟ್ಟ ಚಿರೋಟಿಯನ್ನು ಕರವಸ್ತ್ರಕ್ಕೆ ಉಗುಳಿದಳು. ಸಾವಿನ ಮನೆಯವರು ಹಾಕಿಸಿದ ಊಟ ಎಂದು ಗೊತ್ತಾಯಿತಲ್ಲ, ತಟ್ಟೆಗಳನ್ನು ಎಲ್ಲರೂ ಮುಂದಕ್ಕೆ ತಳ್ಳಿದರು.

"ಸುಳ್ಳು ಸಾರ್, ಶುದ್ಧ ಸುಳ್ಳು!" ವಿನಾಯಕ್ ಸಾರ್ ವೇದಿಕೆಗೆ ಓಡಿಬಂದರು. "ಈ ಕಳ್ಳ ಜಾತಿಯನ್ನು ನಂಬ್ಲಿಕ್ಕೆ ಆಗುವುದಿಲ್ಲ. ಇಳೀ ಲೌಡಿ ಕೆಳಗೆ!"

ಗಣಪತಿ ಅಂಕಲ್ ಅವರ ಕಡೆ ನೋಡಲೇ ಇಲ್ಲ. ಹುಡುಗನ ಹತ್ತಿರ ಬಂದು ಬಗ್ಗಿ, ಇಂಗ್ಲಿಷಿನಲ್ಲಿ, ನಿಮ್ಮಪ್ಪ ಎಲ್ಲಿ ಎಂದು ಕೇಳಿದರು. ರೇಂಜರ್ ನನ್ನ ಮುಖ ನೋಡಿದ. ನಾನು ಏನೂ ಸನ್ನೆ ಮಾಡಲಿಲ್ಲ.

"ಹೀ ಈಸ್ ಇನ್ ದ ಬೇಸ್‌ಮೆಂಟ್," ಎಂದ. "ದೇ ಕಿಕ್ಡ್ ಹಿಮ್. ಹೀ ಈಸ್ ನಾಟ್ ಗೆಟ್ಟಿಂಗ್ ಅಪ್."

ಮುದುಕರು ಫೋನು ತೆಗೆದು ಒತ್ತಿದರು. ವಿನಾಯಕ್ ಸಾರ್ ಅವರ ಕೈ ಹಿಡಿದುಕೊಂಡರು. "ಅಂಕಲ್, ಪೊಲೀಸ್ ಬೇಡ ಅಂಕಲ್. ಕಾಲಿಗೆ ಬೀಳ್ತೇನೆ. ಅಲ್ಲಿ ಯಾರೂ ಇಲ್ಲ, ಖಾಲಿ ಬೇಸ್‌ಮೆಂಟು."

"ಖಾಲಿ ಇದ್ರ ಅವರ ಬಂದು ನೋಡಿ ಹೋಗ್ತಾರ ಬಿಡ್ರಿ."

ಪೊಲೀಸರು ಬಂದು ದುಪ್ಪಟಿ ಎಳೆದರೆ ನನ್ನ ಗಂಡ ಎದ್ದು ಕೂರುತ್ತಾನೆ. ಆಮೇಲೆ ನಮ್ಮ ವೀಸಾ ಕೇಳುತ್ತಾರೆ. ಅದೆಲ್ಲ ನನಗೆ ಗೊತ್ತಿತ್ತು. ಆದರೂ ಭಯವಾಗಲಿಲ್ಲ.

ಫೋನಿನಲ್ಲಿ ಒಂದು ಹೆಣ್ಣುದನಿ ಬಂತು, ಮನೆಯ ವಿಳಾಸ ಕೇಳಿತಂತೆ. ಗಣಪತಿ ಅಂಕಲ್ ಹಾಲ್ ಕಡೆ ತಿರುಗಿ, "ಇವರ ಮನೀ ನಂಬರ್ ಯಾರಿಗರೆ ಗೊತ್ತೇನ್ರೀ?" ಎಂದರು. ಆ ಮನೆಯಲ್ಲಿ ಹಬ್ಬದ ಊಟ ಉಂಡವರೇ ಎಲ್ಲರೂ. ಒಬ್ಬರೂ ಬಾಯಿಬಿಡಲಿಲ್ಲ.

ರೇಂಜರ್ ಮುಂದೆ ಹೋಗಿ ಫೋನು ಇಸಿದುಕೊಂಡ. ಮನೆ ನಂಬರು, ರಸ್ತೆಯ ಹೆಸರು, ಎಡಿಸನ್, ನ್ಯೂಜೆರ್ಸಿ, ಪಿನ್ ಕೋಡು, ಒಂದೊಂದಾಗಿ, ಸ್ಪಷ್ಟವಾಗಿ ಹೇಳಿದ. ಅಲ್ಲಿ ಯಾರು ವಾಸ ಇದ್ದಾರೆ ಎಂದು ಆ ದನಿ ಕೇಳಿತಂತೆ.

ಅವನು ಈ ಸಲ ನನ್ನ ಮುಖ ನೋಡಲಿಲ್ಲ.

"ವಿ ಲಿವ್ ದೇರ್," ಎಂದ. ಆ ಕಡೆಯವರಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಂದು ಸಲ, ಜೋರಾಗಿ ಹೇಳಿದ. "ಮೈ ಮದರ್, ಮೈ ಫಾದರ್, ಮಿ. ವಿ ಲಿವ್ ದೇರ್."