ನರ್ಸಮ್ಮನ ಕೆಟ್ಟ ಫ್ಯಾನು

ಕಂಡಕ್ಟರಮ್ಮನ ಗಂಡ ಸೈನ್ಯದಿಂದ ನಿವೃತ್ತನಾಗಿ ಬಂದಾಗ ಊರಿನವರು ಅವನನ್ನು ವೇದಿಕೆ ಹತ್ತಿಸಿ, ಫಲಕ ಕೊಟ್ಟು, ಕೈ ನೋಯುವಷ್ಟು ಚಪ್ಪಾಳೆ ತಟ್ಟಿದ್ದರು. ಆ ಸದ್ದಿಗೆ ಅವನ ಅಂಗಿ ಬೆವರಿನಲ್ಲಿ ತೊಯ್ದು ಹೋದದ್ದನ್ನು ಕಂಡವಳು ಹೆಂಡತಿ ಒಬ್ಬಳೇ. ಚಪ್ಪಾಳೆಗೇನು ಬಿಡಿ, ಎರಡು ಕೈಯಿದ್ದವರು ಯಾರು ಬೇಕಾದರೂ ತಟ್ಟಬಹುದು. ಆಮೇಲೆ ಮನೆ ಬಾಗಿಲಿಗೆ ಬಂದು ಊಟ, ನಿದ್ದೆ ಹೇಗಿದೆಯಪ್ಪಾ ಎಂದು ಕೇಳಲು ಆ ಮಹನೀಯರಲ್ಲಿ ಒಬ್ಬರಿಗೂ ಪುರುಸೊತ್ತಾಗಲಿಲ್ಲ.

ನಿದ್ದೆ ಇರಲೇ ಇಲ್ಲ. ಸೈನ್ಯದ ಲಾರಿಗಳಿಗೆಲ್ಲ ಜೀವ ಕೊಟ್ಟ ಮೆಕ್ಯಾನಿಕ್ ಅವನು. ಈಗ ರಾತ್ರಿಯಿಡೀ ಕುರ್ಚಿಯಲ್ಲಿ ಕೂತೇ ಇರುತ್ತಿದ್ದ. ಪಕ್ಕದ ಮನೆಯಲ್ಲಿ ಪಾತ್ರೆ ಬಿದ್ದರೆ ದಡಕ್ಕನೆ ಎದ್ದು ನಿಲ್ಲುತ್ತಿದ್ದ. ಒಂದು ಸಂಜೆ ಮಗಳು ಹಿಂದಿನಿಂದ ಬಂದು ತಬ್ಬಿಕೊಂಡಾಗ, ಯಾರೆಂದು ನೋಡುವ ಮೊದಲೇ ಅವಳ ಕೈ ತಿರುಚಿಬಿಟ್ಟಿದ್ದ. ಕೈಯೇನೋ ವಾಸಿಯಾಯಿತು. ಆದರೆ ಆವತ್ತಿನಿಂದ ಮಗಳು ಕೋಣೆಗೆ ಬಂದರೆ ಇವನು ಎದ್ದು ಹೊರಗೆ ಹೋಗುತ್ತಿದ್ದ.

ಹೆಂಡತಿ ಬಸ್ ಕಂಡಕ್ಟರ್. ಕುಡಿದು ಹತ್ತಿದವರನ್ನೂ ಕಣ್ಣಲ್ಲೇ ಕೂರಿಸುವ ಗಟ್ಟಿಗಿತ್ತಿ. ಮನೆಯಲ್ಲಿ ಮಾತ್ರ ಸೋತು ಸುಣ್ಣವಾಗಿದ್ದಳು. ಸರ್ಕಾರಿ ಆಸ್ಪತ್ರೆಯ ಹಿಂಬದಿಯಲ್ಲಿ ಮಾಜಿ ಸೈನಿಕರಿಗೆಂದೇ ಒಂದು ಕೋಣೆ ಇತ್ತು, ಡಾಕ್ಟರು ಬಂದು ಕೂರುತ್ತಿದ್ದರು, ಮಾತಾಡಿಸುತ್ತಿದ್ದರು. ಅಲ್ಲಿಗೆ ಹೋಗೋಣ ಎಂದರೆ ಅವನದು ಒಂದೇ ಉತ್ತರ.

"ನಂಗೇನಾಗಿದೆ?"

ಆ ಕೋಣೆ ನೋಡಿಕೊಳ್ಳುವ ನರ್ಸಮ್ಮ ದಿನಾ ಇವಳ ಬಸ್ಸಿಗೇ ಹತ್ತುವವರು. ಒಂದು ಬೆಳಿಗ್ಗೆ ಅವರಿಗೆ ಟಿಕೆಟ್ ಕೊಡುತ್ತಾ ಕೊಡುತ್ತಾ ಕಂಡಕ್ಟರಮ್ಮ ಅತ್ತುಬಿಟ್ಟಳು. ಎಲ್ಲ ಕೇಳಿಸಿಕೊಂಡ ನರ್ಸಮ್ಮ ಸೀಟಿನಲ್ಲಿ ಸರಿದು ಜಾಗ ಕೊಟ್ಟರು.

"ನೋಡಮ್ಮ, ಈ ಸೈನ್ಯದಿಂದ ಬಂದೋರಿಗೆ ಡಾಕ್ಟ್ರ ಹತ್ರ ಬನ್ನಿ ಅಂದ್ರೆ ಜಪ್ಪಯ್ಯ ಅಂದ್ರೂ ಬರಲ್ಲ. ಕೆಲಸ ಇದೆ ಅನ್ನು, ಓಡಿ ಬರ್ತಾರೆ. ನಮ್ಮ ಟೇಬಲ್ ಫ್ಯಾನ್ ಕೆಟ್ಟಿದೆ ಅಂತ ಹೇಳು."

"ಕೆಟ್ಟಿದೆಯಾ ಅಕ್ಕಾ?"

"ನಾಳೆ ಬೆಳಿಗ್ಗೆ ಕೆಡುತ್ತೆ ಬಿಡು."

ಮಾರನೆಯ ದಿನ ಅವಳು ರಜೆ ಹಾಕಿದಳು. ಗಂಡ ನಿಜಕ್ಕೂ ಸಲಕರಣೆ ಚೀಲ ಹೆಗಲಿಗೇರಿಸಿ ಹೊರಟ. ದಾರಿಯುದ್ದಕ್ಕೂ ಅವಳಿಗೆ ಒಂದೇ ಯೋಚನೆ. ಇದು ನಾಟಕ ಎಂದು ಗೊತ್ತಾದರೆ ಮುಗಿಯಿತು, ಆ ಕೋಣೆಯ ಹೊಸ್ತಿಲು ಅವನು ಇನ್ನೆಂದೂ ತುಳಿಯುವುದಿಲ್ಲ. ತನ್ನ ಮಾತನ್ನೂ ನಂಬುವುದಿಲ್ಲ.

ಹೊರಕೋಣೆಯಲ್ಲಿ ಒಂದು ಮೇಜು, ತೂಕದ ಯಂತ್ರ, ಗೋಡೆಗೆ ಒಂದು ಬೆಂಚು. ಒಳಕೋಣೆಯ ಬಾಗಿಲು ಅರ್ಧ ತೆರೆದಿತ್ತು, ಗಂಡಸರ ತಗ್ಗಿದ ದನಿ ಕೇಳುತ್ತಿತ್ತು. ನರ್ಸಮ್ಮ ಏನೂ ಅರಿಯದವರ ಹಾಗೆ ಫ್ಯಾನು ತೋರಿಸಿದರು. ಅವನು ಅದನ್ನು ಬೋರಲು ಹಾಕಿ ತಳದ ಮುಚ್ಚಳ ಬಿಚ್ಚಿದ. ಬಿಚ್ಚಿದವನು ಹಾಗೇ ಕೂತುಬಿಟ್ಟ.

ವೈರನ್ನು ಕತ್ತರಿಯಲ್ಲಿ ಕಚಕ್ಕನೆ ಕತ್ತರಿಸಿದ್ದು ಕಣ್ಣಿಗೆ ಹೊಡೆಯುವಂತಿತ್ತು. ಗಾಯಕ್ಕೆ ಕಟ್ಟುವ ಬಟ್ಟೆ ಕತ್ತರಿಸುವ ಕತ್ತರಿ. ಪಾಪ, ನರ್ಸಮ್ಮನಿಗೆ ಗೊತ್ತಿದ್ದದ್ದು ಅದೊಂದೇ ಆಯುಧ. ಸಿಕ್ಕಿಬಿದ್ದೆವು ಎಂದುಕೊಂಡಳು ಕಂಡಕ್ಟರಮ್ಮ.

ಅವನು ಕತ್ತರಿಸಿದ ತುದಿ ನೋಡುತ್ತಿರಲಿಲ್ಲ. ಅದರ ಹಿಂದಿನ ವೈರನ್ನು ಬೆರಳಲ್ಲಿ ಸವರುತ್ತಿದ್ದ. ಗೇಣುದ್ದದ ವೈರಿನಲ್ಲಿ ಜೋಡಣೆಯ ಪಕ್ಕ ಜೋಡಣೆ. ಪ್ರತಿಯೊಂದಕ್ಕೂ ಟೇಪು ಸುತ್ತಿ, ತುದಿಯನ್ನು ಚೂರು ಮಡಚಿ ಬಿಟ್ಟಿದ್ದರು.

"ಟೇಪಿನ ತುದಿ ಮಡಚಿದ್ದಾರೆ," ಎಂದ ಮೆಲ್ಲಗೆ. "ಕತ್ತಲಲ್ಲಿ ಬಿಚ್ಚೋಕೆ ಕೈಗೆ ಸಿಗಲಿ ಅಂತ. ಇದು ಪೇಟೆ ರಿಪೇರಿ ಅಲ್ಲ. ಇದು ನಮ್ಮವರ ಕೈ."

ಅವನು ತಲೆಯೆತ್ತಿ ನರ್ಸಮ್ಮನನ್ನು ನೋಡಿದ.

"ಎಷ್ಟು ಜನ ಸಿಸ್ಟರ್, ಇದನ್ನ ರಿಪೇರಿ ಮಾಡಿದೋರು?"

ನರ್ಸಮ್ಮ ಸುಳ್ಳು ಹೇಳಲಿಲ್ಲ. "ಲೆಕ್ಕ ಇಟ್ಟಿಲ್ಲಪ್ಪ. ನಿನ್ನ ಹಾಗೇ ಚೀಲ ಹಿಡ್ಕೊಂಡು ಬಂದೋರು. ಈಗ ಒಳಗೆ ಕೂತಿದ್ದಾರಲ್ಲ, ಅವರೇ."

ಅವನು ಹೆಂಡತಿಯ ಕಡೆ ತಿರುಗಿದ. "ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ರೀ. ಇನ್ನೇನು ಮಾಡ್ಲಿ? ನಂಗೆ ಭಯ ಆಗಿತ್ತು."

ಬೈಯುತ್ತಾನೆ, ಚೀಲ ಎತ್ತಿಕೊಂಡು ಹೊರಡುತ್ತಾನೆ ಎಂದು ಕಾದಳು. ಅವನು ವೈರು ಜೋಡಿಸದೆಯೇ ಮುಚ್ಚಳ ಹಾಕಿ ತಿರುಪು ಬಿಗಿದ.

"ಇದು ಹೀಗೇ ಇರಲಿ ಸಿಸ್ಟರ್. ಮುಂದೆ ಬರೋನಿಗೆ ಬೇಕಾಗುತ್ತೆ."

ಫಲಕ ಕೊಡುವುದೇ ಆದರೆ ನರ್ಸಮ್ಮನ ಆ ಕತ್ತರಿಗೆ ಕೊಡಬೇಕು ಎನ್ನುತ್ತೇನೆ ನಾನು. ಕೊಡುವವರು ಯಾರು?

ಚೀಲವನ್ನು ಬೆಂಚಿನ ಮೇಲಿಟ್ಟು ಅವನು ಒಳಕೋಣೆಗೆ ಹೋದ. ಅಲ್ಲಿ ಎಲ್ಲರೂ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರು. ಖಾಲಿ ಇದ್ದದ್ದು ಬಾಗಿಲಿಗೆ ಬೆನ್ನಾಗುವ ಒಂದೇ ಕುರ್ಚಿ. ಇವನು ಅದನ್ನು ನೋಡಿ ಅಲ್ಲೇ ನಿಂತ. ಆಗ ದಪ್ಪ ಮೀಸೆಯ ಹಿರಿಯನೊಬ್ಬ ಏನೂ ಕೇಳದೆ ಎದ್ದು, ಗೋಡೆ ಬದಿಯ ತನ್ನ ಜಾಗ ಬಿಟ್ಟುಕೊಟ್ಟು, ಬಾಗಿಲಿಗೆ ಬೆನ್ನು ಹಾಕಿ ತಾನು ಕೂತ.

"ಕೂತ್ಕೋ ತಮ್ಮಾ. ನಂಗೀಗ ಇಲ್ಲಿ ಕೂರೋಕೆ ಆಗುತ್ತೆ."

ಕಂಡಕ್ಟರಮ್ಮ ಹೊರಗಿನ ಬೆಂಚಿನಲ್ಲಿ ನರ್ಸಮ್ಮನ ಪಕ್ಕ ಕೂತಿದ್ದಳು. ಕೊನೆಗೆ ಗಂಡನ ದನಿ ಕೇಳಿತು.

"ನಾನು ನನ್ನ ಮಗಳ ಕೈ ತಿರುಚಿಬಿಟ್ಟೆ."

ಅಯ್ಯೋ ಎಂದು ಯಾರೂ ಅನ್ನಲಿಲ್ಲ. ಒಬ್ಬ ಮಾತ್ರ, "ನಾನೂ," ಎಂದ.

ಕಂಡಕ್ಟರಮ್ಮ ನರ್ಸಮ್ಮನ ಹೆಗಲಿಗೆ ತಲೆಯಿಟ್ಟಳು. ಎಷ್ಟೋ ತಿಂಗಳ ನಂತರ ಅವಳಿಗೆ ಅಲ್ಲೇ, ಕೂತಲ್ಲೇ, ಜೊಂಪು ಹತ್ತಿತು.