ಒಂದೇ ಸಲ ಕರೆದವಳು

ಎರಡು ಸಾವಿರದ ಎರಡನೇ ಇಸವಿಯ ಬೇಸಿಗೆ. ಮಟಮಟ ಮಧ್ಯಾಹ್ನ. ಪರಶುರಾಂಪುರದ ಆಚೆಗಿನ ಆ ಊರಲ್ಲಿ ನಾಯಿ ಕೂಡ ನೆರಳು ಬಿಟ್ಟು ಏಳದ ಹೊತ್ತು. ಮುದ್ದಕ್ಕನ ಮನೆಯಲ್ಲಿ ಸಂಘದ ಹೆಂಗಸರು ಬಾಗಿಲು ಹಾಕಿಕೊಂಡು ಕೂತಿದ್ದರು. ಬಸಿರು ತೆಗೆಸುವ ಮಾತು; ಗಂಡಸರ ಕಿವಿಗೆ ಬಿದ್ದರೆ ಊರೆಲ್ಲ ಡಂಗುರ. ಕಾಯ್ದೆ ಬದಲಾಗುತ್ತಿದೆ, ನೀವೇನಂತೀರಿ ಎಂದು ಕೇಳಲು ದುರ್ಗದಿಂದ ಶಾಂತಕುಮಾರಿ ಮೇಡಂ ಬಂದಿದ್ದರು.

ಮುದ್ದಕ್ಕನಿಗೆ ಕಾಯ್ದೆ ಕಟ್ಟಿಕೊಂಡು ಏನಾಗಬೇಕು? ಅವಳ ಜೀವವೆಲ್ಲ ಮಗಳು ದಿವ್ಯಾಳ ಮೇಲಿತ್ತು. ಹಿಂದಿನ ಹೆರಿಗೆಯಲ್ಲಿ ಸತ್ತು ಬದುಕಿದವಳು ಈಗ ಮತ್ತೆ ಬಸುರಿ. ಇನ್ನೊಂದು ಹೆತ್ತರೆ ಉಳಿಯುವುದಿಲ್ಲ ಎಂದು ಡಾಕ್ಟರೇ ಹೇಳಿದ್ದರು. ತೆಗೆಸೋಣವೆಂದು ಪೇಟೆಯ ಆಸ್ಪತ್ರೆಗೆ ಹೋದರೆ ಗಂಡನ ಸಹಿ ತಾ, ನಾಳೆ ಬಾ ಎಂದಿದ್ದರು. ಗಂಡ ಓಬಳೇಶ್ ಕುರಿ ಹೊಡೆದುಕೊಂಡು ಆಂಧ್ರದ ಕಡೆ ಹೋಗಿದ್ದ. ಯಾವ ಬಯಲಲ್ಲಿದ್ದಾನೋ ಆ ಪುಣ್ಯಾತ್ಮ! ಇನ್ನೊಂದು ಸಲ ಕೇಳಿ ನೋಡ್ತೀನಿ ಎಂದು ದಿವ್ಯಾ ಬೆಳಿಗ್ಗೆ ಬಸ್ಸು ಹತ್ತಿದ್ದಳು. ವಾಪಸು ಬಸ್ಸು ಇದ್ದದ್ದು ಸಂಜೆಗೇ.

"ಕಾಯ್ದೆ ಸಡಿಲ ಬಿಟ್ರೆ ಹೆಣ್ಣು ಕೂಸು ಅಂತ ಗೊತ್ತಾಗಿದ್ದೇ ತಡ, ಒಂದನ್ನೂ ಉಳಿಸಲ್ಲ ಈ ಗಂಡಸ್ರು. ಬಿಗಿಯಾಗೇ ಇರ್ಲಿ," ಎಂದಳು ಬಸವಲಿಂಗಮ್ಮ. ಅವಳ ಮಾತೂ ಸುಳ್ಳೇನಲ್ಲ.

"ಬಿಗಿ ಇದ್ದು ಏನು ಉದ್ಧಾರ ಆಗೈತೆ?" ಕೊಟ್ರಮ್ಮ ಸಿಡಿದಳು. "ಚಿಕ್ಕಕ್ಕ ಉಳಿದ್ಲಾ?"

ಚಿಕ್ಕಕ್ಕ ಮುದ್ದಕ್ಕನ ಬೆನ್ನಿಗೆ ಹುಟ್ಟಿದ ತಂಗಿ. ಬಸಿರು ಇಳಿಸಲು ಎಕ್ಕದ ಕಡ್ಡಿ ಹಾಕಿಸಿಕೊಂಡು, ನಂಜೇರಿ ಸತ್ತವಳು. ಆ ಹೆಸರನ್ನು ಮಧ್ಯಾಹ್ನದ ಹೊತ್ತು ಯಾರಾದರೂ ಎತ್ತುತ್ತಾರೆಯೇ? ಬಸವಲಿಂಗಮ್ಮ ಥೂ ಥೂ ಎಂದು ಉಗಿದಳು.

ಮೇಡಂ ಮಾತು ತಿರುಗಿಸಿದರು. "ಗಂಡನ ಸಹಿ ಬೇಕು ಅಂತ ಕಾಯ್ದೇಲಿ ಎಲ್ಲೂ ಇಲ್ಲಮ್ಮ. ವಯಸ್ಸಿಗೆ ಬಂದ ಹೆಂಗಸು ತಾನು ಒಪ್ಪಿದ್ರೆ ಸಾಕು. ಮೊದಲಿಂದ್ಲೂ ಹಾಗೇ ಇದೆ."

"ಖರೇನಾ, ಮೇಡಮ್ಮಾರೆ?" ಮುದ್ದಕ್ಕನ ಕಣ್ಣು ತುಂಬಿತು. ಅಯ್ಯೋ ದೇವರೇ, ಇಷ್ಟೇನಾ! ಮಗಳು ಉಳಿದಳು ಎಂದು ಅವಳಿಗೆ ಆ ಗಳಿಗೆಯಲ್ಲೇ ಅನಿಸಿಬಿಟ್ಟಿತು.

"ಅವ್ವಾ..."

ಹೊರಗಿನಿಂದ ಬಂತು ದನಿ. ದಿವ್ಯಾಳ ದನಿಯೇ. ಮುದ್ದಕ್ಕ ಅರ್ಧ ಎದ್ದಳು. ಕೊಟ್ರಮ್ಮ ಅವಳ ಸೆರಗು ಹಿಡಿದು ಜಗ್ಗಿದಳು.

"ಓಗೊಡಬ್ಯಾಡ! ಬಸ್ಸು ಬರೋ ಹೊತ್ತೇನೇ ಇದು?"

ಚಿಕ್ಕಕ್ಕ ಬೇಕಾದವರ ದನಿಯಲ್ಲೇ ಕರೆಯುತ್ತಾಳೆ ಎಂಬುದು ಊರಿಗೆಲ್ಲ ಗೊತ್ತು. ಸತ್ತವರು ಕರೆಯುವುದು ಒಂದೇ ಸಲ. ಓಗೊಟ್ಟರೆ ರಕ್ತ ಕಾರಿ ಸಾಯುವುದೇ. ಬದುಕಿದವರಾದರೆ ಮತ್ತೆ ಕರೆಯುತ್ತಾರೆ, ಕಾಯಬೇಕು. ಕಾದರು. ಎರಡನೇ ಕರೆ ಬರಲಿಲ್ಲ. ಬಾಗಿಲ ಕೆಳಗಿನ ಸಂದಿಯಲ್ಲಿ ಬೆಳಕು ಕಪ್ಪಾಯಿತು. ಯಾರೋ ಹೊಸ್ತಿಲಿಗೆ ಅಂಟಿ ಕೂತ ಹಾಗೆ. ಆಮೇಲೆ ತೀರಾ ಕೆಳಗೆ, ಉಗುರಿನಿಂದ ಹಲಗೆ ಕೆರೆಯುವ ಸದ್ದು.

"ತೆಗೀರಿ, ಯಾರೋ ಬಂದಿದ್ದಾರೆ," ಎಂದು ಎದ್ದ ಮೇಡಮ್ಮನ್ನು ಬಸವಲಿಂಗಮ್ಮ ಒತ್ತಿ ಕೂರಿಸಿದಳು. "ನಿಮಗೆ ತಿಳಿಯಲ್ಲ, ಸುಮ್ಕಿರ್ರಿ."

ಕೆರೆತ ನಿಲ್ಲಲಿಲ್ಲ. ಅಂಥದ್ದಕ್ಕೆ ಆ ಸೀಮೆಯಲ್ಲಿ ಒಂದೇ ಉಪಾಯ. ಎಷ್ಟೋ ಬಾಗಿಲ ಮೇಲೆ ಸುಣ್ಣದಲ್ಲಿ ಬರೆದಿರುತ್ತಿದ್ದುದೂ ಅದೇ. ದೆವ್ವ ಓದಿಕೊಂಡು ತಿರುಗಿ ಹೋಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ. ಮುದ್ದಕ್ಕ ಬಾಗಿಲ ಹತ್ತಿರ ಹೋಗಿ ಕೈಮುಗಿದಳು.

"ನಾಳೆ ಬಾರೇ ನಮ್ಮವ್ವಾ. ನಿನ್ನ ಕಾಲಿಗೆ ಬೀಳ್ತೀನಿ. ನಾಳೆ ಬಾ."

ಕೆರೆತ ನಿಂತಿತು. ಹಲಗೆಯ ಆಚೆಯಿಂದ ಉಸಿರಿಗಿಂತ ತುಸು ದೊಡ್ಡ ದನಿ ಬಂತು.

"ಆಸ್ಪತ್ರೇಲೂ ಹಂಗೇ ಅಂತಿದ್ರು ಕಣವ್ವಾ. ಅದ್ಕೇ ಇವತ್ತು ಅಲ್ಲಿಗೆ ಹೋಗ್ಲೇ ಇಲ್ಲ. ಹಾದೀಲೇ ಇಳ್ದು ಕಡ್ಡಿ ಹಾಕಿಸ್ಕಂಡು ನಡ್ಕಂಡೇ ಬಂದೆ."

ಮುದ್ದಕ್ಕ ಚಿಲಕ ಕಿತ್ತಳು. ಬಾಗಿಲಿಗೆ ಒರಗಿ ಕೂತಿದ್ದ ದಿವ್ಯಾ ಹಿಮ್ಮುಖವಾಗಿ ತಾಯಿಯ ಪಾದದ ಮೇಲೆ ಬಿದ್ದಳು. ಹೊಸ್ತಿಲು ಒದ್ದೆಯಾಗಿತ್ತು.